ಮನೆ ಒಂದೇ, ಪಾಸ್‌ಪೋರ್ಟ್ ಥರಾವರಿ: ರೀಡಿಂಗ್‌ನಿಂದ ಐಂಡ್‌ಹೋವನ್‌ಗೆ ಕಾರಲ್ಲಿ ಹೋಗುವುದು ಹೇಗೆ?

ಹೇಮಾವತಿ ದಂಡೆ | 30 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ತಂಗಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಅಕ್ಟೋಬರ್ ಕೊನೆಯಲ್ಲಿ ಮಗನಿಗೆ ಒಂದು ವಾರ ರಜೆ. ಕಾರಲ್ಲೇ ಇಂಗ್ಲೆಂಡ್-ಫ್ರಾನ್ಸ್ ನಡುವಿನ ಸಮುದ್ರದಡಿಯ ಸುರಂಗ ದಾಟಿ (ಕಾರನ್ನು ರೈಲಿಗೆ ಹತ್ತಿಸುತ್ತಾರೆ) ಹೋಗಿ, ನವೆಂಬರ್ 1ಕ್ಕೆ ಅವರ ಕಡೆ ರಾಜ್ಯೋತ್ಸವ ಮುಗಿಸಿ ವಾಪಸ್ ಬರುವುದು ಅಂತ ಪ್ಲಾನು.

ಸಮಸ್ಯೆ ಏನಂದರೆ ಕಾರಲ್ಲಿ ಕೂರುವ ನಾಲ್ಕು ಜನರ ಕಾಗದ ಒಂದೇ ಥರ ಇಲ್ಲ. ನನ್ನದು ಭಾರತದ ಪಾಸ್‌ಪೋರ್ಟ್, ಇಲ್ಲಿ ಸ್ಪೌಸ್ ವೀಸಾ, ಈಗ ಅದು ಇ-ವೀಸಾ, ಅಂದರೆ ಕಾರ್ಡಿಲ್ಲ, ಬರೀ ಆನ್‌ಲೈನ್ ದಾಖಲೆ. ಹೆಂಡತಿ ಇಲ್ಲೇ ಬೆಳೆದವಳು, ಬ್ರಿಟಿಷ್. ಮಗನಿಗೆ ಏಳು ವರ್ಷ, ಬ್ರಿಟಿಷ್. ಅಮ್ಮ ಹಾಸನದಿಂದ ಈ ತಿಂಗಳ ಮೊದಲ ವಾರ ಬಂದಿದ್ದಾರೆ, ವಿಸಿಟರ್ ವೀಸಾದಲ್ಲಿ.

ಪ್ರಶ್ನೆ ಮೂರು. ಹೆಂಡತಿ ಬ್ರಿಟಿಷ್ ಆಗಿರುವುದರಿಂದ ನನ್ನ ಷೆಂಗೆನ್ ವೀಸಾ (ಯುರೋಪಿನ ಬಹುಪಾಲು ದೇಶಗಳಿಗೆ ಸೇರಿ ಒಂದೇ ವೀಸಾ) ಸುಲಭವಾಗುತ್ತದಾ? ಅಮ್ಮನಿಗೆ ಇಲ್ಲಿಂದಲೇ ಮಾಡಿಸಬಹುದಾ? ಇಳಿಯುವುದು ಫ್ರಾನ್ಸ್‌ನಲ್ಲಿ, ಉಳಿಯುವುದು ನೆದರ್‌ಲ್ಯಾಂಡ್ಸ್‌ನಲ್ಲಿ, ಅರ್ಜಿ ಯಾವ ದೇಶಕ್ಕೆ ಹಾಕಬೇಕು?

ಬ್ಯಾಗು ರೆಡಿ | 30 ಆಗಸ್ಟ್

ಹೆಂಡತಿ ಬ್ರಿಟಿಷ್ ಅಂದರೆ ಚಿಂತೆಯೇ ಬೇಡ ಗುರು. ವೀಸಾಗೆ ಫೀಸೇ ಇಲ್ಲ. ನಾನೂ ಹಾಗೇ ಮಾಡಿಸಿದ್ದು. ಮದುವೆ ಸರ್ಟಿಫಿಕೇಟು, ಇಬ್ಬರ ಪಾಸ್‌ಪೋರ್ಟು, ಅಷ್ಟೇ. ಹೋಟೆಲ್ ಬುಕಿಂಗ್ ಇಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲ, ಇನ್ಶೂರೆನ್ಸೂ ಕೇಳಲಿಲ್ಲ. ಒಂದು ವಾರಕ್ಕೆ ಕೈಗೆ ಬಂತು.

ಲಂಡನ್ ಲಗೇಜು | 30 ಆಗಸ್ಟ್

@ಬ್ಯಾಗು ರೆಡಿ, ಯಾವ ವರ್ಷದ ಮಾತು ಇದು?

ಬ್ಯಾಗು ರೆಡಿ | 30 ಆಗಸ್ಟ್

2018.

ಲಂಡನ್ ಲಗೇಜು | 30 ಆಗಸ್ಟ್

ಅಲ್ಲೇ ಇದೆ ನೋಡಿ ವಿಷಯ. ಆಗ ಬ್ರಿಟಿಷರು ಐರೋಪ್ಯ ಒಕ್ಕೂಟದ ಪ್ರಜೆಗಳು. ಒಕ್ಕೂಟದ 2004ರ ಒಂದು ನಿರ್ದೇಶನ ಇದೆ. ಒಕ್ಕೂಟದ ಪ್ರಜೆ ತನ್ನದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವಾಗ ಗಂಡ, ಹೆಂಡತಿ, ಮಕ್ಕಳು ಜೊತೆಗೆ ಹೊರಟರೆ ಅವರಿಗೆ ವೀಸಾ ಬೇಗ ಕೊಡಬೇಕು, ಫೀಸು ತೆಗೆದುಕೊಳ್ಳಬಾರದು ಅಂತ. ಬ್ರಿಟನ್ ಹೊರಗೆ ಹೋದದ್ದು 2020ರ ಜನವರಿ 31ಕ್ಕೆ. ಹಳೆಯ ನಿಯಮ ನಡೆದದ್ದು ಆ ವರ್ಷದ ಡಿಸೆಂಬರ್ 31ರವರೆಗೆ. ಆಮೇಲೆ ಬ್ರಿಟಿಷ್ ಹೆಂಡತಿಯ ಗಂಡ ಅನ್ನುವ ಕಾರಣಕ್ಕೆ ಷೆಂಗೆನ್ ಕೌಂಟರಿನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಈಗ @ಹೇಮಾವತಿ ದಂಡೆ ಅವರು ಎಲ್ಲರ ಹಾಗೆ ಪೂರ್ತಿ ಅರ್ಜಿ ಹಾಕಬೇಕು. ಫೀಸು 90 ಯೂರೋ, 2024ರ ಜೂನ್‌ವರೆಗೂ 80 ಇತ್ತು. ಅದರ ಮೇಲೆ ವೀಸಾ ಕೇಂದ್ರದವರ ಸರ್ವಿಸ್ ಚಾರ್ಜು. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸು. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸ್ ಬಂದ ಮೇಲೂ ಮೂರು ತಿಂಗಳು ಬಾಕಿ ಇರಬೇಕು. ಇಲ್ಲಿನ ಇ-ವೀಸಾವೂ ಹಾಗೇ ಮುಂದಕ್ಕೆ ಇದ್ದರೆ ಒಳ್ಳೆಯದು.

ಅರ್ಜಿ ಹಾಕಬೇಕಾದದ್ದು ನೆದರ್‌ಲ್ಯಾಂಡ್ಸ್‌ಗೆ. ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶ. ಎರಡು ಕಡೆ ಸರಿಸಮ ಆದಾಗ ಮಾತ್ರ ಮೊದಲು ಕಾಲಿಡುವ ದೇಶ. ಫ್ರಾನ್ಸ್‌ನಲ್ಲಿ ಇಳಿದು ದಾಟಿ ಹೋಗುವುದಕ್ಕೆ ತೊಂದರೆ ಇಲ್ಲ. ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಿರಬೇಕು. ಆದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಇವತ್ತೇ ಕೂತುಕೊಳ್ಳಿ.

ಬ್ಯಾಗು ರೆಡಿ | 30 ಆಗಸ್ಟ್

ಓಹೋ. ನಾನು ಆಮೇಲೆ ಸಿಟಿಜನ್‌ಶಿಪ್ ತಗೊಂಡುಬಿಟ್ಟೆ, ಹಾಗಾಗಿ ಗೊತ್ತೇ ಆಗಲಿಲ್ಲ. ಕ್ಷಮಿಸಿ.

ಡಬ್ಲಿನ್ ಮಳೆ | 31 ಆಗಸ್ಟ್

ಇದರಲ್ಲಿ ಒಂದು ತಮಾಷೆ ಇದೆ. ನಾನು ಡಬ್ಲಿನ್ ಬಿಟ್ಟು ಮೂರು ವರ್ಷದಿಂದ ಲಂಡನ್ನಿನಲ್ಲಿದ್ದೇನೆ. ನನ್ನದು ಭಾರತದ ಪಾಸ್‌ಪೋರ್ಟೇ. ಹೆಂಡತಿ ಐರ್ಲೆಂಡ್ ಪ್ರಜೆ. ಐರ್ಲೆಂಡ್ ಇನ್ನೂ ಒಕ್ಕೂಟದಲ್ಲೇ ಇದೆಯಲ್ಲ, ಹಾಗಾಗಿ ನಮ್ಮಿಬ್ಬರಿಗೆ ಆ 2004ರ ನಿರ್ದೇಶನ ಈಗಲೂ ನಡೆಯುತ್ತದೆ. ಪ್ಯಾರಿಸ್‌ಗೆ ಇಬ್ಬರೂ ಒಟ್ಟಿಗೆ ಹೊರಟರೆ ನನ್ನ ವೀಸಾಗೆ ಫೀಸು ಇಲ್ಲ.

ನಮ್ಮ ಬೀದಿಯಲ್ಲೇ ಮೈಸೂರಿನವರೊಬ್ಬರು ಇದ್ದಾರೆ, ಅವರ ಹೆಂಡತಿ ಬ್ರಿಟಿಷ್. ಅವರು ಪ್ರತಿ ಸಲ ಫೈಲು ಹಿಡಿದುಕೊಂಡು ಹೋಗುತ್ತಾರೆ. ಬೀದಿ ಒಂದೇ, ಕೆಲಸವೂ ಹೆಚ್ಚುಕಮ್ಮಿ ಒಂದೇ. ‘ಹೆಂಡತಿ ಆರಿಸುವಾಗ ಇದನ್ನೂ ನೋಡಬೇಕಿತ್ತು’ ಅಂತ ಅವರು ಆಕೆಯ ಎದುರಿಗೇ ಅನ್ನುತ್ತಾರೆ.

ಹೇಮಾವತಿ ದಂಡೆ | 31 ಆಗಸ್ಟ್

😄 ಇದನ್ನ ಮನೆಯಲ್ಲಿ ಓದಿ ಹೇಳಿದೆ. ಊಟ ಲೇಟಾಯ್ತು.

ಅಮ್ಮನ ವಿಷಯ ಯಾರಿಗಾದರೂ ಗೊತ್ತಾ?

ಲಂಡನ್ ಲಗೇಜು | 31 ಆಗಸ್ಟ್

ಅದು ಕಷ್ಟ ಸರ್. ಷೆಂಗೆನ್ ವೀಸಾ ಅರ್ಜಿ ಹಾಕಬೇಕಾದದ್ದು ವಾಸವಿರುವ ದೇಶದಲ್ಲಿ. ಅಮ್ಮ ಇಲ್ಲಿ ಬಂದುಹೋಗುವವರು, ವಾಸಿ ಅಲ್ಲ. ಊರಲ್ಲಿ ಯಾಕೆ ಹಾಕಲಿಲ್ಲ ಅನ್ನುವುದಕ್ಕೆ ಗಟ್ಟಿ ಕಾರಣ ಕೊಟ್ಟರೆ ಕಾನ್ಸುಲೇಟ್ ತೆಗೆದುಕೊಳ್ಳಬಹುದು. ‘ಇಲ್ಲಿಗೆ ಬಂದಮೇಲೆ ಮನಸ್ಸಾಯ್ತು’ ಅಂದರೆ ಆಗುವುದಿಲ್ಲ. ಬೆಂಗಳೂರಿನಲ್ಲೇ ಎರಡೂ ವೀಸಾ ಮಾಡಿಸಿಕೊಂಡು ಹೊರಡಬೇಕಿತ್ತು.

ಇನ್ನೊಂದು ಮಾತು. 2024ರ ಏಪ್ರಿಲ್‌ನಲ್ಲಿ ಒಕ್ಕೂಟದವರು ಭಾರತೀಯರಿಗೆ ಅಂತ ಒಂದು ಸಡಿಲಿಕೆ ಕೊಟ್ಟರು. ಮೂರು ವರ್ಷದೊಳಗೆ ಎರಡು ವೀಸಾ ತೆಗೆದು ಸರಿಯಾಗಿ ಬಳಸಿದ್ದರೆ, ಮುಂದಿನದು ಎರಡು ವರ್ಷದ ಮಲ್ಟಿಪಲ್ ಎಂಟ್ರಿ, ಅದಾದ ಮೇಲೆ ಐದು ವರ್ಷದ್ದು. ಎಲ್ಲರೂ ವಾಟ್ಸಾಪ್‌ನಲ್ಲಿ ಹಂಚಿದ್ದೇ ಹಂಚಿದ್ದು. ಆದರೆ ಅದು ಭಾರತದಲ್ಲಿ ವಾಸವಿದ್ದು, ಭಾರತದಿಂದಲೇ ಅರ್ಜಿ ಹಾಕುವವರಿಗೆ. ನಾವು ಲಂಡನ್, ರೀಡಿಂಗ್‌ನಲ್ಲಿ ಕೂತವರಿಗೆ ಅನ್ವಯ ಇಲ್ಲ. ಊರಲ್ಲಿರುವ ಅಮ್ಮನಿಗೆ ನಮಗಿಂತ ಒಳ್ಳೆಯ ನಿಯಮ!

ಹೇಮಾವತಿ ದಂಡೆ | 31 ಆಗಸ್ಟ್

ಅಮ್ಮನಿಗೆ ಹೇಗೆ ಹೇಳುವುದು ಅಂತ ಯೋಚನೆ. ಮಗಳ ಮನೆ ಇಲ್ಲಿಂದ ವಿಮಾನದಲ್ಲಿ ಒಂದೂಕಾಲು ಗಂಟೆ. ‘ಹಾಸನದಿಂದ ಬೆಂಗಳೂರಿಗೆ ಹೋದಷ್ಟೂ ಇಲ್ಲ, ಏನು ನಿಮ್ಮ ಗೋಳು’ ಅಂತಾರೆ.

ಧಾರವಾಡದಾಂವ | 1 ಸೆಪ್ಟೆಂಬರ್

ಅಲ್ರೀ, ಒಂದು ವಿಷಯ ಸ್ಪಷ್ಟ ಮಾಡ್ಕೊಬೇಕು. ಎಲ್ಲಾದಕ್ಕೂ ಬ್ರೆಕ್ಸಿಟ್ ಬ್ರೆಕ್ಸಿಟ್ ಅಂತ ಬಯ್ಯೋದು ಸರಿ ಅಲ್ಲ. ಬ್ರಿಟನ್ ಒಕ್ಕೂಟದಾಗ ಇದ್ದಾಗಲೂ ಷೆಂಗೆನ್ ಒಳಗ ಎಂದೂ ಇರಲಿಲ್ಲ. ನಾನು 2009ರಲ್ಲಿ ಬಂದೆ. ಆಗಲೂ ಭಾರತದ ಪಾಸ್‌ಪೋರ್ಟಿಗೆ ಪ್ಯಾರಿಸ್‌ಗೆ ಹೋಗಲಿಕ್ಕೆ ಬೇರೆ ವೀಸಾ ಬೇಕಿತ್ತು, ಈಗಲೂ ಬೇಕು. ಜರ್ಮನಿಯಲ್ಲಿದ್ದ ನನ್ನ ದೋಸ್ತಗೆ ಲಂಡನ್ನಿಗೆ ಬರಲಿಕ್ಕೆ ಆಗಲೂ ವೀಸಾ, ಈಗಲೂ ವೀಸಾ. ನಮ್ಮಂಥವರಿಗೆ ಗೇಟು ಮೊದಲಿನಿಂದ ಮುಚ್ಚೇ ಇತ್ತು. ಈಗ ಬ್ರಿಟಿಷರಿಗೂ ಅರ್ಧ ಮುಚ್ಯಾರ, ಅಷ್ಟ.

ಬದಲಾಗಿದ್ದು ಸಣ್ಣ ಸಣ್ಣ ಸಂದಿಯೊಳಗ. ಆದರ ಆ ಸಂದಿಯೊಳಗ ಕಾಲು ಸಿಕ್ಕಿದರ ಮುರೀತದ. ಉದಾಹರಣೆಗೆ ಟ್ರಾನ್ಸಿಟ್. ನನ್ನ ಕಥಿ ಕೇಳ್ರಿ.

2021ರಲ್ಲಿ ಅಪ್ಪನಿಗೆ ಆರಾಮ ಇರಲಿಲ್ಲ. ಅವಸರದಾಗ ಸಿಕ್ಕ ಟಿಕೆಟ್ ತಗೊಂಡೆ, ಜರ್ಮನಿ ಮೂಲಕ ಬೆಂಗಳೂರಿಗೆ. ಅಲ್ಲಿ ವಿಮಾನ ಬದಲಿಸೋದು ಅಷ್ಟೇ, ನಿಲ್ದಾಣದ ಹೊರಗ ಕಾಲಿಡೋದಿಲ್ಲ. ಇದೇ ದಾರಿಯಲ್ಲಿ ಹಿಂದ ನಾಕು ಸಲ ಹೋಗಿದ್ದೆ. ಚೆಕ್-ಇನ್ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಸ್ಕ್ರೀನ್ ನೋಡಿದಳು, ‘ಟ್ರಾನ್ಸಿಟ್ ವೀಸಾ ಎಲ್ಲಿ’ ಅಂದಳು. ಮೊದಲು ಬ್ರಿಟನ್ನಿನ ವೀಸಾ ಇದ್ದವರಿಗೆ ಅದು ಬೇಕಾಗಿರಲಿಲ್ಲ, ಯಾಕಂದರ ಬ್ರಿಟನ್ ಸದಸ್ಯ ದೇಶ ಇತ್ತು. ಹೊರಗ ಬಿದ್ದ ಮ್ಯಾಲೆ ಆ ವಿನಾಯಿತಿನೂ ಬಿತ್ತು. ಅವಳ ತಪ್ಪಲ್ಲ. ನಿಯಮ ಹಾಂಗೇ ಇತ್ತು. ಟ್ರಾಲಿ ಮ್ಯಾಲೆ ಎರಡು ಸೂಟ್‌ಕೇಸ್, ಮುಂದ ಹೋಗಂಗಿಲ್ಲ, ಹಿಂದ ಬರಂಗಿಲ್ಲ. ಮೂರು ಪಟ್ಟು ರೊಕ್ಕ ಕೊಟ್ಟು ಮರುದಿನ ದುಬೈ ಮ್ಯಾಲೆ ಹೋದೆ.

ಆವತ್ತಿನಿಂದ ನನ್ನ ರೂಢಿ: ಊರಿಗೆ ಹೋಗೋದಿದ್ದರ ನೇರ ವಿಮಾನ, ಇಲ್ಲಾಂದರ ದುಬೈ, ದೋಹಾ, ಅಬುಧಾಬಿ. ಯುರೋಪಿನ ನಿಲ್ದಾಣ ಅಂದರ ಆ ದೇಶದ ಟ್ರಾನ್ಸಿಟ್ ನಿಯಮ ಓದದ ಟಿಕೆಟ್ ತಗೊಳ್ಳಂಗಿಲ್ಲ. ಒಂದೊಂದು ದೇಶದ್ದು ಒಂದೊಂದು ಪಟ್ಟಿ.

ಬಾತ್ ಬಿಸಿಬೇಳೆ | 1 ಸೆಪ್ಟೆಂಬರ್

ಧಾರವಾಡದವರು ಹೇಳಿದ ‘ಸಂದಿ’ಗೆ ಇನ್ನೊಂದು ಸೇರಿಸಿ. ಶಾಲೆಯ ಪ್ರವಾಸ.

ಮುಂಚೆ ಒಂದು ಪದ್ಧತಿ ಇತ್ತು. ಒಕ್ಕೂಟದ ದೇಶದಲ್ಲಿ ಓದುವ ಮಕ್ಕಳು, ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ, ಶಾಲೆಯವರು ಒಂದು ಪಟ್ಟಿ ಮಾಡಿ ಅಧಿಕಾರಿಗಳಿಂದ ಸೀಲ್ ಹಾಕಿಸಿದರೆ ವೀಸಾ ಇಲ್ಲದೆ ಗುಂಪಿನ ಜೊತೆ ಹೋಗಬಹುದಿತ್ತು. ಬ್ರೆಕ್ಸಿಟ್ ಆದಮೇಲೆ ಅದು ಹೋಯಿತು. 2022ರಲ್ಲಿ ಮಗಳ ತರಗತಿ ಫ್ರಾನ್ಸ್‌ಗೆ ಹೊರಟಿತು. ಇಪ್ಪತ್ತೆಂಟು ಮಕ್ಕಳಲ್ಲಿ ಇವಳೊಬ್ಬಳದೇ ಭಾರತದ ಪಾಸ್‌ಪೋರ್ಟು. ವೀಸಾ ಅಪಾಯಿಂಟ್‌ಮೆಂಟ್ ಪ್ರವಾಸ ಮುಗಿದ ಮೇಲಿನ ವಾರಕ್ಕೆ ಸಿಕ್ಕಿತು. ಶಾಲೆಯವರು ಪಾಪ, ಆ ವಾರ ಅವಳನ್ನು ಬೇರೆ ತರಗತಿಯಲ್ಲಿ ಕೂರಿಸಿದರು. ಹನ್ನೊಂದು ವರ್ಷದ ಮಗು, ‘ನಾನು ಏನು ತಪ್ಪು ಮಾಡಿದೆ’ ಅಂತ ಕೇಳಿದಳು.

2023ರ ಕೊನೆಯಿಂದ ಫ್ರಾನ್ಸ್ ಬ್ರಿಟನ್ನಿನ ಶಾಲಾ ಗುಂಪುಗಳಿಗೆ ಮತ್ತೆ ಇದಕ್ಕೆ ಅವಕಾಶ ಕೊಟ್ಟಿದೆ. ಒಳ್ಳೆಯದೇ. ನಮ್ಮ ಮಗಳಿಗೆ ತಡವಾಯಿತು. ಯಾರ ಮಕ್ಕಳಾದರೂ ಈ ವರ್ಷ ಹೊರಟಿದ್ದರೆ ಶಾಲೆಯವರಿಗೆ ಇದನ್ನು ಹೇಳಿ. ಎಷ್ಟೋ ಶಾಲೆಗಳಿಗೆ ಗೊತ್ತೇ ಇಲ್ಲ.

ಕುಡ್ಲದ ನರ್ಸ್ | 2 ಸೆಪ್ಟೆಂಬರ್

ನಮ್ಮದು ಬೆಲ್‌ಫಾಸ್ಟ್ ಮಾರಾಯ್ರೆ, ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ನಿಗೇ ಸೇರಿದ್ದು. ನಮ್ಮ ಕಥೆ ಇನ್ನೂ ಚಂದ. ಇಲ್ಲಿಂದ ಡಬ್ಲಿನ್‌ಗೆ ರೈಲು ಎರಡೂಚಿಲ್ಲರೆ ಗಂಟೆ. ನಡುವೆ ಗೇಟು ಇಲ್ಲ, ಬೂತು ಇಲ್ಲ, ಏನೂ ಇಲ್ಲ. ರಸ್ತೆಯಲ್ಲಿ ಹೋದರೆ ಮೈಲಿಯ ಬೋರ್ಡು ಕಿಲೋಮೀಟರ್ ಆಗುತ್ತದೆ, ಆಗ ಗೊತ್ತಾಗಬೇಕು ದೇಶ ಬದಲಾಯಿತು ಅಂತ.

ಗೇಟು ಇಲ್ಲ ಅಂದರೆ ಹೋಗಬಹುದು ಅಂತ ಅಲ್ಲ. ಬ್ರಿಟನ್, ಐರ್ಲೆಂಡ್ ನಡುವಿನ ಸಾಮಾನ್ಯ ಪ್ರಯಾಣ ವಲಯ ಇರುವುದು ಆ ಎರಡು ದೇಶದ ಪ್ರಜೆಗಳಿಗೆ. ಭಾರತದ ಪಾಸ್‌ಪೋರ್ಟ್ ಹಿಡಿದು ಬ್ರಿಟನ್ ವೀಸಾದಲ್ಲಿ ಕೆಲಸ ಮಾಡುವ ನನಗೆ ಐರ್ಲೆಂಡ್ ವೀಸಾ ಬೇಕು. ಒಂದು ಎಂಟ್ರಿಗೆ 60 ಯೂರೋ, ಮಲ್ಟಿಪಲ್‌ಗೆ 100. ಡಬ್ಲಿನ್‌ನಲ್ಲಿ ಇರುವ ನಮ್ಮವರಿಗೆ ಈ ಕಡೆ ಬರುವುದಕ್ಕೆ ಬ್ರಿಟನ್ ವೀಸಾ ಬೇಕು. ಡಬ್ಲಿನ್‌ನಿಂದ ಈ ಕಡೆಯ ಜಯಂಟ್ಸ್ ಕಾಸ್‌ವೇ (ಸಮುದ್ರ ತೀರದ ಕಲ್ಲುಕಂಬಗಳು) ನೋಡಲು ದಿನದ ಬಸ್ ಟೂರ್ ಇದೆಯಲ್ಲ, ಅದನ್ನು ಬುಕ್ ಮಾಡುವಾಗ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಸುಮ್ನೆ ಹತ್ತಿಬಿಡುತ್ತಾರೆ. ಬಸ್ ನಿಲ್ಲಿಸಿ ಕೇಳಿದ ದಿನ ಗೊತ್ತಾಗುತ್ತದೆ. ನಮ್ಮ ವಾರ್ಡಿನ ಒಬ್ಬಳನ್ನು ಡಬ್ಲಿನ್ ದಾರಿಯಲ್ಲಿ ಬಸ್ಸಿನಿಂದ ಇಳಿಸಿದ್ದರು.

ಇದೂ ಬ್ರೆಕ್ಸಿಟ್‌ಗೆ ಮುಂಚಿನದ್ದೇ ನಿಯಮ. ಆದರೆ ಈಗ ಕೇಳುವುದು ಜಾಸ್ತಿ ಆಗಿದೆ ಅಂತ ನನಗೆ ಅನಿಸುತ್ತದೆ.

ಡಬ್ಲಿನ್ ಮಳೆ | 2 ಸೆಪ್ಟೆಂಬರ್

ಒಂದು ಸಣ್ಣ ಸೇರ್ಪಡೆ. ಊರಿಂದ ಬರುವ ಅಪ್ಪ ಅಮ್ಮನಿಗೆ ಎರಡೂ ದೇಶ ತೋರಿಸಬೇಕು ಅಂದರೆ, ಭಾರತ ಮತ್ತು ಚೀನಾದವರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಅಂತ ಒಂದಿದೆ. ವೀಸಾ ಮೇಲೆ ‘ಬಿಐವಿಎಸ್’ ಅಂತ ಅಚ್ಚಾಗಿದ್ದರೆ ಅದೇ ವೀಸಾದಲ್ಲಿ ಎರಡು ಕಡೆ ಹೋಗಬಹುದು. ಆದರೆ ಯಾರು ವೀಸಾ ಕೊಟ್ಟರೋ ಆ ದೇಶಕ್ಕೆ ಮೊದಲು ಹೋಗಬೇಕು. ಅಕ್ಷರ ಇದೆಯಾ ನೋಡಿಕೊಳ್ಳಿ. ಎಲ್ಲ ವೀಸಾದಲ್ಲೂ ಇರುವುದಿಲ್ಲ.

ಮ್ಯೂನಿಕ್ ಮೆಣಸು | 4 ಸೆಪ್ಟೆಂಬರ್

ನನ್ನದು ಉಲ್ಟಾ ಕೇಸು. ಲಂಡನ್ನಿನಲ್ಲಿ ಹನ್ನೆರಡು ವರ್ಷ ಇದ್ದೆ. 2015ರಲ್ಲಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಬ್ರಿಟಿಷ್ ಪ್ರಜೆ ಆದೆ. ಯಾಕೆ? ಯುರೋಪಿನಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಂತ. ಅಮ್ಮ ಫೋನಿನಲ್ಲಿ ಅತ್ತಿದ್ದರು. ಮರು ವರ್ಷ ಜೂನ್ 23ಕ್ಕೆ ಬ್ರೆಕ್ಸಿಟ್ ಜನಮತಗಣನೆ. ಬೆಳಗ್ಗೆ ಎದ್ದು ಟಿವಿ ನೋಡಿದಾಗ ನನ್ನ ಮುಖ ಹೇಗಿತ್ತೋ ನೀವೇ ಊಹಿಸಿ.

ಅದೃಷ್ಟಕ್ಕೆ 2018ರಲ್ಲೇ ಮ್ಯೂನಿಕ್‌ಗೆ ಬಂದಿದ್ದೆ. 2020 ಮುಗಿಯುವ ಮುಂಚೆ ಇಲ್ಲಿ ವಾಸವಿದ್ದ ಬ್ರಿಟಿಷರಿಗೆ ಬ್ರಿಟನ್ ಹೊರಹೋಗುವಾಗ ಒಕ್ಕೂಟದ ಜೊತೆ ಮಾಡಿಕೊಂಡ ಹಿಂತೆಗೆತ ಒಪ್ಪಂದದ ಪ್ರಕಾರ ಹಕ್ಕು ಉಳಿಯಿತು. ಜರ್ಮನಿಯಲ್ಲಿ ಅದಕ್ಕೆ ಬೇರೆಯದೇ ಕಾರ್ಡು, ಹೆಸರಿನ ಕೊನೆಯಲ್ಲಿ ‘ಜಿಬಿ’ ಅಂತ ಇರುತ್ತದೆ. ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಎಲ್ಲದರಲ್ಲೂ ಇದರ ಅಣ್ಣತಮ್ಮಂದಿರಿದ್ದಾರೆ.

ಈ ಕಾರ್ಡಿನ ಮಿತಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜರ್ಮನಿಯಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಆಸ್ಟ್ರಿಯಾಕ್ಕೋ ಇಟಲಿಗೋ ಹೋದರೆ ಅಲ್ಲಿ ನಾನು ಹೊರಗಿನವನೇ, 180 ದಿನದಲ್ಲಿ 90 ದಿನದ ಲೆಕ್ಕ. ಸಾಲ್ಜ್‌ಬರ್ಗ್ ಇಲ್ಲಿಂದ ಎರಡು ಗಂಟೆಯೂ ಇಲ್ಲ, ಅಲ್ಲಿ ಕೆಲಸಕ್ಕೆ ಸೇರುವ ಹಾಗಿಲ್ಲ. ಯಾವುದಕ್ಕಾಗಿ ಪಾಸ್‌ಪೋರ್ಟ್ ಬದಲಿಸಿದೆನೋ ಅದೇ ಹೋಯಿತು.

ಗಡಿಯಲ್ಲಿ ಒಂದು ಎಚ್ಚರ: ಪಾಸ್‌ಪೋರ್ಟ್ ಮತ್ತು ಕಾರ್ಡು ಎರಡನ್ನೂ ಒಟ್ಟಿಗೆ ಕೊಡಿ. ಕಾರ್ಡು ಜೇಬಲ್ಲಿಟ್ಟು ಬರೀ ಪಾಸ್‌ಪೋರ್ಟ್ ಕೊಟ್ಟರೆ ಟೂರಿಸ್ಟ್ ಅಂದುಕೊಂಡು ಸ್ಟ್ಯಾಂಪ್ ಹೊಡೆಯುತ್ತಾರೆ. ನನಗೆ ಹಾಗೆ ಎರಡು ಸಲ ಆಗಿದೆ. ಸ್ಟ್ಯಾಂಪ್ ಬಿತ್ತು ಅಂತ ಹಕ್ಕು ಹೋಗುವುದಿಲ್ಲ, ಆದರೆ ಮುಂದಿನ ಸಲ ಇನ್ನೊಬ್ಬ ಅಧಿಕಾರಿ ‘90 ದಿನ ದಾಟಿದೆಯಲ್ಲ’ ಅಂತ ಕೇಳಿದಾಗ ವಿವರಿಸಬೇಕು. ಹಿಂದೆ ನಿಂತ ನೂರು ಜನ ಉಸಿರು ಬಿಡುತ್ತಿರುತ್ತಾರೆ.

ಲಂಡನ್ ಲಗೇಜು | 4 ಸೆಪ್ಟೆಂಬರ್

90/180 ಬಗ್ಗೆ ಬಂದದ್ದು ಒಳ್ಳೆಯದಾಯಿತು. ಜನ ಇದನ್ನು ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಅಂತ ಅರ್ಧ ವರ್ಷದ ಕೋಟಾ ಅಂದುಕೊಳ್ಳುತ್ತಾರೆ. ಅಲ್ಲ. ಯಾವ ದಿನ ನಿಂತು ನೋಡಿದರೂ ಹಿಂದಿನ 180 ದಿನದಲ್ಲಿ 90ಕ್ಕಿಂತ ಜಾಸ್ತಿ ಇದ್ದಿರಬಾರದು. ಹೋದ ದಿನ, ಬಂದ ದಿನ ಎರಡೂ ಲೆಕ್ಕ. 29 ಷೆಂಗೆನ್ ದೇಶವೂ ಸೇರಿ ಒಂದೇ ಲೆಕ್ಕ. ರೊಮೇನಿಯಾ, ಬಲ್ಗೇರಿಯಾ ಕೂಡ ಈ ವರ್ಷ ಜನವರಿ 1ರಿಂದ ಪೂರ್ತಿ ಒಳಗೆ ಬಂದಿವೆ.

ಅಕ್ಟೋಬರ್ 12ರಿಂದ ಇದನ್ನು ಕಂಪ್ಯೂಟರೇ ಎಣಿಸಲು ಶುರು ಮಾಡುತ್ತದೆ. ಪ್ರವೇಶ-ನಿರ್ಗಮನ ವ್ಯವಸ್ಥೆ, ಎಲ್ಲರೂ ‘ಇಇಎಸ್’ ಅನ್ನುತ್ತಾರೆ. ಮುಖದ ಫೋಟೋ, ನಾಲ್ಕು ಬೆರಳಿನ ಅಚ್ಚು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚಿಲ್ಲ. ವೀಸಾ ಇರುವವರ ಬೆರಳಚ್ಚು ಅರ್ಜಿ ಹಾಕಿದಾಗಲೇ ಅವರ ಹತ್ತಿರ ಇರುತ್ತದೆ, ಹಾಗಾಗಿ ಫೋಟೋ ಮಾತ್ರ. ಒಂದೇ ದಿನ ಎಲ್ಲ ಕಡೆ ಅಲ್ಲ, 2026ರ ಏಪ್ರಿಲ್ 10ರೊಳಗೆ ಹಂತ ಹಂತವಾಗಿ. ಅಲ್ಲಿಯವರೆಗೆ ಸ್ಟ್ಯಾಂಪೂ ಇರುತ್ತದೆ. @ಮ್ಯೂನಿಕ್ ಮೆಣಸು ಥರದ ರೆಸಿಡೆನ್ಸ್ ಕಾರ್ಡ್ ಇರುವವರಿಗೆ ಇದು ಅನ್ವಯಿಸುವುದಿಲ್ಲ, ಕಾರ್ಡು ತೋರಿಸಿದರೆ ಮಾತ್ರ.

ಹೇಮಾವತಿ ದಂಡೆ | 19 ಸೆಪ್ಟೆಂಬರ್

ಅಪ್‌ಡೇಟ್. ಹತ್ತು ದಿನ ಬೆಳಗ್ಗೆ ಕಾಫಿಗೆ ಮುಂಚೆ ಅಪಾಯಿಂಟ್‌ಮೆಂಟ್ ಪುಟ ತೆರೆದು ಕೂತು, ಕೊನೆಗೆ ಒಂದು ಸ್ಲಾಟ್ ಸಿಕ್ಕಿತು. ಇವತ್ತು ಕೊಟ್ಟು ಬಂದೆ. ಇ-ವೀಸಾ ಪುರಾವೆಗೆ ಶೇರ್ ಕೋಡ್ (ನನ್ನ ವೀಸಾ ಆನ್‌ಲೈನಲ್ಲಿ ನೋಡಲು ಬೇರೆಯವರಿಗೆ ಕೊಡುವ ಕೋಡು) ತೆಗೆದು ಪ್ರಿಂಟ್ ಹಾಕಿದ್ದೆ. ಕೌಂಟರಿನವರು ‘ಕಾರ್ಡು ಎಲ್ಲಿ’ ಅಂದರು. ಕಾರ್ಡುಗಳೆಲ್ಲ ಕಳೆದ ಡಿಸೆಂಬರ್ 31ಕ್ಕೇ ಮುಗಿದುಹೋಗಿವೆ ಸ್ವಾಮಿ, ಈಗ ಎಲ್ಲ ಆನ್‌ಲೈನು ಅಂತ ಇನ್ನೊಬ್ಬರನ್ನು ಕರೆಸಿ ಹೇಳಿಸಬೇಕಾಯಿತು.

ಧಾರವಾಡದಾಂವ | 19 ಸೆಪ್ಟೆಂಬರ್

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲರಿ. ನಿಮ್ಮ ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದರ ಆ ನಂಬರು ಇ-ವೀಸಾ ಖಾತೆಯೊಳಗ ಅಪ್‌ಡೇಟ್ ಆಗೇದಾ ಮೊದಲ ನೋಡ್ರಿ. ಹಳೇ ನಂಬರು ಇದ್ದರ ವಾಪಸ್ ಬರುವಾಗ ಅಲ್ಲಿ ನಿಮ್ಮ ವೀಸಾ ತೋರಿಸೋದಿಲ್ಲ. ಸ್ಕ್ರೀನ್‌ಶಾಟ್ ಒಂದು ಫೋನಿನಾಗ, ಒಂದು ಕಾಗದದಾಗ.

ಹೇಮಾವತಿ ದಂಡೆ | 8 ಅಕ್ಟೋಬರ್

ವೀಸಾ ಬಂತು! ಒಂದೇ ಎಂಟ್ರಿ. ಸ್ಟಿಕ್ಕರ್ ಮೇಲೆ ತಾರೀಖು ಅಕ್ಟೋಬರ್ 25ರಿಂದ ನವೆಂಬರ್ 17ರವರೆಗೆ ಇದೆ, ಆದರೆ ದಿನ ಅಂತ 09 ಬರೆದಿದೆ. ಇಪ್ಪತ್ತನಾಲ್ಕು ದಿನ ಇರಬಹುದಾ, ಒಂಬತ್ತು ದಿನ ಇರಬಹುದಾ?

ಲಂಡನ್ ಲಗೇಜು | 8 ಅಕ್ಟೋಬರ್

ಒಂಬತ್ತೇ. ಆ 24 ದಿನದ ಕಿಟಕಿಯೊಳಗೆ ಯಾವ ಒಂಬತ್ತು ದಿನವಾದರೂ ಸರಿ. ಪ್ರಯಾಣ ಹಿಂದೆಮುಂದೆ ಆದರೆ ಇರಲಿ ಅಂತ 15 ದಿನ ಸೇರಿಸಿ ಕೊಡುತ್ತಾರೆ. 25ಕ್ಕೆ ಒಳಗೆ ಹೋದರೆ ನವೆಂಬರ್ 2ಕ್ಕೆ ಹೊರಗೆ ಬಂದಿರಬೇಕು. ಸುರಂಗದ ಟಿಕೆಟ್ ರಾತ್ರಿ ಕೊನೆಯದಕ್ಕೆ ಇಟ್ಟುಕೊಳ್ಳಬೇಡಿ.

ಬಾತ್ ಬಿಸಿಬೇಳೆ | 9 ಅಕ್ಟೋಬರ್

ಕಾರಿಗೆ: ‘ಯುಕೆ’ ಸ್ಟಿಕ್ಕರ್ (ಹಳೆಯ ‘ಜಿಬಿ’ 2021ರಿಂದ ನಡೆಯುವುದಿಲ್ಲ), ಮಿಂಚುವ ಜಾಕೆಟ್, ತ್ರಿಕೋನ, ಹೆಡ್‌ಲೈಟಿಗೆ ಸ್ಟಿಕ್ಕರ್. ಆಂಟ್‌ವರ್ಪ್, ಘೆಂಟ್ ಊರೊಳಗೆ ಇಳಿದರೆ ಹೊರದೇಶದ ಕಾರು ಮುಂಚೆ ನೋಂದಾಯಿಸಬೇಕು.

ಮತ್ತೆ, ಡಿಕ್ಕಿಯಲ್ಲಿ ಏನು ತುಂಬುತ್ತೀರಿ? ಅಮ್ಮ ಇದ್ದಾರೆ ಅಂದಿರಿ, ಅದಕ್ಕೆ ಕೇಳಿದೆ.

ಹೇಮಾವತಿ ದಂಡೆ | 9 ಅಕ್ಟೋಬರ್

ಅಮ್ಮ ಬರುವುದಿಲ್ಲ ಅಂತ ಗೊತ್ತಾದಾಗಿನಿಂದ ಅಡುಗೆಮನೆ ಬಿಟ್ಟು ಕದಲಿಲ್ಲ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ. ಬೆಣ್ಣೆ ಕಾಯಿಸಿ ಒಂದೂವರೆ ಲೀಟರ್ ತುಪ್ಪ. ತಂಗಿಗೆ ಬಾಣಂತನದಲ್ಲಿ ತಿನ್ನಿಸಲಿಕ್ಕಾಗಲಿಲ್ಲ ಅಂತ ಕೊರಗು.

ಬಾತ್ ಬಿಸಿಬೇಳೆ | 9 ಅಕ್ಟೋಬರ್

ಚಕ್ಕುಲಿ, ಚಟ್ನಿಪುಡಿಗೆ ತೊಂದರೆ ಇಲ್ಲ. ತುಪ್ಪ ಬೇಡ. 2021ರ ಜನವರಿಯಿಂದ ಬ್ರಿಟನ್ನಿನಿಂದ ಒಕ್ಕೂಟದ ಒಳಗೆ ಹಾಲು, ಹಾಲಿನ ಪದಾರ್ಥ, ಮಾಂಸ ತೆಗೆದುಕೊಂಡು ಹೋಗುವ ಹಾಗಿಲ್ಲ. ಮನೆ ಬಳಕೆಗೂ ಇಲ್ಲ. ಆ ವರ್ಷ ಲಾರಿ ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ಚನ್ನೇ ನೆದರ್‌ಲ್ಯಾಂಡ್ಸ್ ಬಂದರಿನಲ್ಲಿ ಕಿತ್ತುಕೊಂಡದ್ದು ಟಿವಿಯಲ್ಲಿ ಬಂದಿತ್ತು.

ನಮ್ಮದೂ ಒಂದು ಡಬ್ಬಿ ಹೋಗಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಮರಳು ಮರಳಾಗಿ ಗಟ್ಟಿಯಾಗಿತ್ತು. ಅಧಿಕಾರಿ ಮುಚ್ಚಳ ತೆಗೆದು ಮೂಸಿ ನೋಡಿದ. ಲವಂಗ, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪ. ‘ಏನಿದು, ಚೆನ್ನಾಗಿದೆ ವಾಸನೆ’ ಅಂದ. ಖುಷಿಯಾಗಿ ಮುಚ್ಚಳ ಹಾಕಿ ತೊಟ್ಟಿಗೆ ಹಾಕಿದ.

ಹೇಮಾವತಿ ದಂಡೆ | 9 ಅಕ್ಟೋಬರ್

ಅಮ್ಮನಿಗೆ ಇದನ್ನ ನಾನು ಹೇಳಲ್ಲ. ಯಾರಾದರೂ ಫೋನ್ ಮಾಡಿ ಹೇಳಿ.

ಹೇಮಾವತಿ ದಂಡೆ | 4 ನವೆಂಬರ್

ಹೋಗಿ ಬಂದೆವು. ಸಲಹೆ ಕೊಟ್ಟ ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಸುರಂಗದ ಇಂಗ್ಲೆಂಡ್ ಬದಿಯ ಫೋಕ್‌ಸ್ಟೋನ್‌ನಲ್ಲಿ ಎರಡು ಬೂತು. ಮೊದಲು ಬ್ರಿಟಿಷರದು, ಐವತ್ತು ಹೆಜ್ಜೆ ಮುಂದೆ ಫ್ರೆಂಚರದು. ಅಂದರೆ ಫ್ರಾನ್ಸ್‌ನ ಗಡಿ ಇಂಗ್ಲೆಂಡಿನ ನೆಲದ ಮೇಲೇ ದಾಟಿದ ಹಾಗೆ. ಆಚೆ ಇಳಿದ ಮೇಲೆ ಮತ್ತೆ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ನಾನು ಫೈಲು ಪೂರ್ತಿ ಹಿಡಿದು ಕೂತಿದ್ದೆ. ತಂಗಿಯ ಆಹ್ವಾನ ಪತ್ರ, ಇನ್ಶೂರೆನ್ಸು, ಸಂಬಳದ ಚೀಟಿ. ಅಧಿಕಾರಿ ನನ್ನ ವೀಸಾ ನೋಡಿದ, ಸ್ಟ್ಯಾಂಪ್ ಹೊಡೆದ, ಮುಗಿಯಿತು. ಒಂದು ಪ್ರಶ್ನೆಯೂ ಇಲ್ಲ.

ಪ್ರಶ್ನೆ ಕೇಳಿದ್ದು ಹೆಂಡತಿಗೆ! ಎಲ್ಲಿಗೆ, ಎಷ್ಟು ದಿನ, ಎಲ್ಲಿ ಉಳಿಯುವುದು, ವಾಪಸ್ ಟಿಕೆಟ್ ಇದೆಯಾ. ಚಿಕ್ಕವಳಿದ್ದಾಗ ಇದೇ ದಾರಿಯಲ್ಲಿ ಅವರಪ್ಪ ಕಿಟಕಿಯಿಂದ ಪಾಸ್‌ಪೋರ್ಟ್ ಎತ್ತಿ ತೋರಿಸಿದರೆ ಹೋಗು ಅಂತ ಕೈ ಬೀಸುತ್ತಿದ್ದರಂತೆ. ಮುಂದಿನ ಒಂದು ಗಂಟೆ ಅವಳು ಮಾತಾಡಲಿಲ್ಲ. ಮಗನಿಗೆ ಮಾತ್ರ ಸ್ಟ್ಯಾಂಪ್ ಬಿದ್ದದ್ದು ಭಾರಿ ಖುಷಿ. ಕಂಪ್ಯೂಟರಿನ ಫೋಟೋ, ಬೆರಳಚ್ಚು ನಮ್ಮ ಸರದಿಯಲ್ಲಿ ಇರಲಿಲ್ಲ.

ಕಾರಿನ ಸಮೇತ 35 ನಿಮಿಷ ರೈಲು. ಆಮೇಲೆ ಡಂಕರ್ಕ್ ದಾಟಿ ಬೆಲ್ಜಿಯಂ. ಗಡಿ ಎಲ್ಲಿತ್ತು ಅಂತ ನನಗೆ ಗೊತ್ತೇ ಆಗಲಿಲ್ಲ. ರೋಮಿಂಗ್ ಚಾರ್ಜು ಬೀಳುತ್ತದೆ ಅಂತ ಫೋನಿಗೆ ಮೆಸೇಜ್ ಬಂತು, ಆಗ ಗೊತ್ತಾಯಿತು. ಎರಡು ವಾರ ವೀಸಾಗೆ ಓಡಾಡಿದ ಮನುಷ್ಯನಿಗೆ ಈ ನೀಲಿ ಬೋರ್ಡು ಮಾತ್ರದ ಗಡಿ ನೋಡಿ ಒಂಥರಾ ಮೋಸ ಹೋದ ಹಾಗೆ ಅನಿಸಿತು.

ನವೆಂಬರ್ 1ಕ್ಕೆ ತಂಗಿಯ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಹದಿನಾಲ್ಕು ಮನೆಯವರು ಸೇರಿದ್ದೆವು. ಅರಿಶಿನ-ಕುಂಕುಮ ಬಣ್ಣದ ಬಾವುಟ ಮಕ್ಕಳೇ ಬಟ್ಟೆಗೆ ಬಣ್ಣ ಬಳಿದು ಮಾಡಿದ್ದು. ಅಮ್ಮ ವಿಡಿಯೋದಲ್ಲಿ. ಚಕ್ಕುಲಿ ಮುರಿದಿದೆಯಾ ಅಂತ ಮೂರು ಸಲ ಕೇಳಿದರು.

ಬರುವಾಗ ಸುರಂಗದ ಫ್ರಾನ್ಸ್ ಬದಿಯ ಕ್ಯಾಲೆಯ ಬ್ರಿಟಿಷ್ ಬೂತಿನಲ್ಲಿ ಪಾಸ್‌ಪೋರ್ಟ್ ಇಟ್ಟ ತಕ್ಷಣ ಇ-ವೀಸಾ ಅವರ ಸ್ಕ್ರೀನ್ ಮೇಲೆ ಬಂತು. ಕಾಗದ ತೆಗೆಯಲೇ ಇಲ್ಲ. @ಧಾರವಾಡದಾಂವ, ನಂಬರು ಹಳೆಯದೇ ಇತ್ತು, ನೀವು ಹೇಳಿದ ಮೇಲೆ ಬದಲಿಸಿದ್ದೆ. ನಿಮಗೆ ಒಂದು ಫಿಲ್ಟರ್ ಕಾಫಿ ಬಾಕಿ.

ಧಾರವಾಡದಾಂವ | 4 ನವೆಂಬರ್

ಕಾಫಿ ಬ್ಯಾಡ್ರಿ, ಚಾ ಇರಲಿ. ಅಮ್ಮಗ ಮಗಳನ್ನ ನೋಡಲಿಕ್ಕೆ ಆಗಲೇ ಇಲ್ಲಲ್ಲ?

ಹೇಮಾವತಿ ದಂಡೆ | 5 ನವೆಂಬರ್

ಅದಕ್ಕೂ ದಾರಿ ಹುಡುಕಿದ್ದೇವೆ. ಅಮ್ಮನ ಆರು ತಿಂಗಳು ಮುಗಿಯುವುದು ಫೆಬ್ರವರಿಯಲ್ಲಿ, ವಾಪಸ್ ಟಿಕೆಟ್ ಜನವರಿ 18ಕ್ಕೆ. ಹಾಗಾಗಿ ತಂಗಿಯೇ ಮಗುವಿನ ಜೊತೆ ಕ್ರಿಸ್‌ಮಸ್‌ಗೆ ಇಲ್ಲಿಗೆ ಬರುತ್ತಾಳೆ. ಅವಳದೂ ಭಾರತದ ಪಾಸ್‌ಪೋರ್ಟು, ನೆದರ್‌ಲ್ಯಾಂಡ್ಸ್ ಕಾರ್ಡು ಇಲ್ಲಿ ಲೆಕ್ಕಕ್ಕಿಲ್ಲ. ವಿಸಿಟರ್ ವೀಸಾ ತಲಾ 127 ಪೌಂಡು, ಎಂಟು ತಿಂಗಳ ಮಗುವಿಗೂ ಅಷ್ಟೇ. ಬಯೋಮೆಟ್ರಿಕ್ ಮುಂದಿನ ಮಂಗಳವಾರ.

‘ಬರುವಾಗ ಗೌಡಾ ಚೀಸ್ ತರುತ್ತೇನೆ’ ಅಂದಳು. ಅಮ್ಮ ‘ಯಾವ ಗೌಡ್ರು’ ಅಂದರು. ಚೀಸ್ ತರಬಹುದಾ?

ಬಾತ್ ಬಿಸಿಬೇಳೆ | 5 ನವೆಂಬರ್

ತರುವ ಹಾಗಿಲ್ಲ. ಕಾಲುಬಾಯಿ ಜ್ವರದ ಕಾರಣಕ್ಕೆ ಈ ಏಪ್ರಿಲ್ 12ರಿಂದ ಯುರೋಪಿನ ಮಾಂಸ, ಹಾಲಿನ ಪದಾರ್ಥ ಬ್ರಿಟನ್ನಿಗೂ ನಿಷೇಧ. ಆ ಕಡೆಯವರು ನಮ್ಮ ತುಪ್ಪ ಬಿಡುವುದಿಲ್ಲ, ಈ ಕಡೆಯವರು ಅವರ ಚೀಸ್ ಬಿಡುವುದಿಲ್ಲ.

ಹೇಮಾವತಿ ದಂಡೆ | 5 ನವೆಂಬರ್

ಸರಿ. ತುಪ್ಪ ಇಲ್ಲೇ ಇದೆ, ಅಮ್ಮ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟು, ನಾವು ಮುಟ್ಟದ ಹಾಗೆ ಡಬ್ಬಿಯ ಮೇಲೆ ತಂಗಿಯ ಹೆಸರು ಬರೆದಿದ್ದಾರೆ.

ಕುಡ್ಲದ ನರ್ಸ್ | 6 ನವೆಂಬರ್

ಒಂದು ಬೇರೆ ಪ್ರಶ್ನೆ ಮಾರಾಯ್ರೆ. ಬೆಲ್‌ಫಾಸ್ಟ್‌ನಿಂದ ಹೊರಟು ಡಬ್ಲಿನ್ ಏರ್‌ಪೋರ್ಟಿನಿಂದ ಊರಿಗೆ ಹಾರಿದರೆ ಟಿಕೆಟ್ ಕಮ್ಮಿ ತೋರಿಸುತ್ತಿದೆ. ಏರ್‌ಪೋರ್ಟ್ ತಲುಪುವುದಕ್ಕೂ ಐರ್ಲೆಂಡ್ ವೀಸಾ ಬೇಕೇ ಬೇಕಾ?

ಡಬ್ಲಿನ್ ಮಳೆ | 6 ನವೆಂಬರ್

ಬೇಕೇ ಬೇಕು. ಏರ್‌ಪೋರ್ಟ್‌ಗೆ ಹೋಗುವ ರಸ್ತೆಯೂ ಐರ್ಲೆಂಡೇ. ವಾಪಸ್ ಬರುವುದೂ ಅಲ್ಲೇ ಇಳಿದು ಅಂದರೆ ಮಲ್ಟಿಪಲ್‌ಗೆ ಹಾಕಿ, 100 ಯೂರೋ ಸೇರಿಸಿದ ಮೇಲೂ ಟಿಕೆಟ್ ಕಮ್ಮಿ ಬೀಳುತ್ತದಾ ಲೆಕ್ಕ ಹಾಕಿ ನೋಡಿ.